ಎಣ್ಣೆ ನಮಗೆ, ಹಿಂಡಿ ಹಸುವಿಗೆ; ಬೀಜ ಯಾರಿಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಇಲ್ಲದ ಅಡುಗೆಮನೆ ಇವತ್ತು ಹುಡುಕಿದರೂ ಸಿಗುವುದು ಕಷ್ಟ. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ನಮ್ಮೂರ ಅಂಗಡಿಯಲ್ಲೂ ಎಣ್ಣೆ ಬೆಲೆ ಎದ್ದು ಕೂತದ್ದು ನಿಮಗೆಲ್ಲ ನೆನಪಿರಬೇಕು. ನಾವು ತರಿಸಿಕೊಳ್ಳುವ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ರಷ್ಯಾ, ಉಕ್ರೇನ್ ಕಡೆಯಿಂದಲೇ ಬರುತ್ತಿತ್ತು. ಎಲ್ಲೋ ದೂರದಲ್ಲಿ ಗುಂಡು ಹಾರಿದರೆ ನಮ್ಮ ಬಾಣಲೆ ಬೆದರುವಷ್ಟು ಆ ಎಣ್ಣೆಗೆ ಒಗ್ಗಿಹೋಗಿದ್ದೇವೆ. ಆದರೆ ಅದರ ಬೀಜ ತಿಂದಿದ್ದೀರಾ ಅಂತ ಕೇಳಿದರೆ, "ಅದು ಗಿಣಿ ತಿನ್ನೋದಲ್ವಾ?" ಅಂತೀರಿ.

ಗಿಣಿಗೆ ಬುದ್ಧಿ ಇದೆ ಕಣ್ರಪ್ಪಾ. ಅದು ಬೀಜವನ್ನು ಇಡಿಯಾಗಿ ತಿನ್ನುತ್ತದೆ. ನಾವು ಬೀಜವನ್ನು ಗಾಣಕ್ಕೆ ಕೊಟ್ಟು ಎಣ್ಣೆ ಇಸಿದುಕೊಂಡು ಉಳಿದದ್ದನ್ನು ಹಿಂಡಿ ಮಾಡಿ ದನಕ್ಕೆ ಹಾಕುತ್ತೇವೆ. ಎಣ್ಣೆಯಲ್ಲಿ ಕೊಬ್ಬು ಬರುತ್ತದೆ, ಒಂದಿಷ್ಟು ವಿಟಮಿನ್ ಇ ಬರುತ್ತದೆ, ಅಷ್ಟೇ. ಪ್ರೋಟೀನು, ನಾರು, ಮೆಗ್ನೀಷಿಯಂ, ಸತು, ಕಬ್ಬಿಣ ಎಲ್ಲವೂ ಹಿಂಡಿಯಲ್ಲಿ ಉಳಿದು ಕೊಟ್ಟಿಗೆಗೆ ಹೋಗುತ್ತವೆ. ಹಸು ಅದನ್ನು ತಿಂದು ಹಾಲು ಕೊಡುತ್ತದೆ, ಹಾಲು ಗೆಜ್ಜಲಗೆರೆಯ ಡೇರಿಗೆ ಹೋಗುತ್ತದೆ, ಅದು ಸರಿಯೇ. ಹಸುವಿನ ಪಾಲನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಬೆಳೆಯುವ ಮಗುವಿಗೂ, ದುಡಿಯುವ ದೊಡ್ಡವರಿಗೂ ಬೀಜದ ಪಾಲು ಒಂದು ಹಿಡಿ ಸಿಗಲಿ, ಅದಕ್ಕೆ ಬದಲಾಗಿ ಎಣ್ಣೆ ಒಂದು ಚಮಚ ಇಳಿಯಲಿ. ನನ್ನ ಕಿವಿಮಾತು ಇಷ್ಟೇ. ಯಾಕೆ, ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. ಸಿಪ್ಪೆ ತೆಗೆದ 100 ಗ್ರಾಂ ಸೂರ್ಯಕಾಂತಿ ಬೀಜದಲ್ಲಿ ಸುಮಾರು 580 ಕ್ಯಾಲೊರಿ ಶಕ್ತಿ, 20 ಗ್ರಾಂ ಪ್ರೋಟೀನು, 50 ಗ್ರಾಂ ಕೊಬ್ಬು, 8 ಗ್ರಾಂ ನಾರು ಇರುತ್ತದೆ. ವಿಟಮಿನ್ ಇ ಸುಮಾರು 35 ಮಿಲಿಗ್ರಾಂ. ಕಡಲೆಕಾಯಿ ಬೀಜದಲ್ಲಿ ಇರುವುದು ಇದರ ಕಾಲು ಭಾಗ. ಮೆಗ್ನೀಷಿಯಂ 325 ಮಿಲಿಗ್ರಾಂ, ಸತು ಮತ್ತು ಕಬ್ಬಿಣ ತಲಾ 5 ಮಿಲಿಗ್ರಾಂ ಆಸುಪಾಸು. ಬಿ ಗುಂಪಿನ ವಿಟಮಿನ್ನುಗಳೂ ಚೆನ್ನಾಗಿಯೇ ಇವೆ, ಅದರಲ್ಲೂ ಬಿ1, ಬಿ6 ಮತ್ತು ಫೋಲೇಟ್. ಇಷ್ಟೂ 100 ಗ್ರಾಂನ ಲೆಕ್ಕ, ದಿನಕ್ಕೆ ಅಷ್ಟು ತಿನ್ನಬೇಕಿಲ್ಲ. ದೊಡ್ಡವರ ಒಂದು ಹಿಡಿ ಅಂದರೆ ಸುಮಾರು 30 ಗ್ರಾಂ. ಅದರಲ್ಲಿ 6 ಗ್ರಾಂ ಪ್ರೋಟೀನು ಸಿಗುತ್ತದೆ, ಒಂದು ಕೋಳಿಮೊಟ್ಟೆಯಲ್ಲಿ ಇರುವಷ್ಟು. ಗುಣದಲ್ಲಿ ಮೊಟ್ಟೆಯ ಪ್ರೋಟೀನೇ ಮೇಲು, ಅದನ್ನು ಮರೆಮಾಚುವುದಿಲ್ಲ. ಆದರೆ ಮೊಟ್ಟೆ ತಿನ್ನದ ಮನೆಯವರಿಗೆ ಇದು ಒಳ್ಳೆಯ ಆಸರೆ.

ಇದರಲ್ಲಿ ಇಲ್ಲದ್ದನ್ನೂ ಹೇಳಬೇಕು. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸೂರ್ಯಕಾಂತಿಯಲ್ಲಿ ಕಡಿಮೆ: 100 ಗ್ರಾಂಗೆ 78 ಮಿಲಿಗ್ರಾಂ ಮಾತ್ರ. ನಮ್ಮ ರಾಗಿಯಲ್ಲಿ 340ಕ್ಕೂ ಹೆಚ್ಚು, ಸಿಪ್ಪೆ ಸಮೇತದ ಎಳ್ಳಿನಲ್ಲಿ 900ಕ್ಕೂ ಮೇಲೆ. ಕಬ್ಬಿಣದಲ್ಲೂ ಎಳ್ಳೇ ಮುಂದು. ಹಾಗಾಗಿ ಸೂರ್ಯಕಾಂತಿ ಬಂತು ಅಂತ ಎಳ್ಳಿನ ಡಬ್ಬ, ಹುಚ್ಚೆಳ್ಳಿನ ಡಬ್ಬ ಹಿಂದಕ್ಕೆ ತಳ್ಳಬೇಡಿ. ಮೂರನ್ನೂ ಪಕ್ಕಪಕ್ಕ ಇಡಿ.

ಹುಚ್ಚೆಳ್ಳು ಅಂದೆನಲ್ಲ, ಅದರ ಮಾತು ಬಂದರೆ ಬೇಗ ಮುಗಿಸಲಾರೆ. ಮಳವಳ್ಳಿ ಕಡೆಯ ಖುಷ್ಕಿ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ ಕಾಲದಲ್ಲಿ ಅವರೆ, ತೊಗರಿ, ಜೋಳದ ಜೊತೆ ಹುಚ್ಚೆಳ್ಳಿಗೂ ಒಂದು ಸಾಲು ಇರುತ್ತಿತ್ತು. ರಾಗಿ ತೆನೆ ಬಲಿಯುವ ಹೊತ್ತಿಗೆ ಆ ಸಾಲು ಹಳದಿ ಹೂ ಬಿಟ್ಟು ನಿಲ್ಲುತ್ತಿತ್ತು. ಒಂದೇ ಹೊಲದಲ್ಲಿ ಮುದ್ದೆಗೆ ರಾಗಿ, ಸಾರಿಗೆ ಕಾಳು, ಚಟ್ನಿಪುಡಿಗೆ ಹುಚ್ಚೆಳ್ಳು. ಆ ಹೊಲಕ್ಕೆ ಇಳಿದು ಬಂದರೆ ಊಟ ಪೂರ್ತಿಯಾಗುತ್ತಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಎದ್ದಮೇಲೆ ಬಯಲಲ್ಲಿ ಕಬ್ಬು, ಭತ್ತ ರಾಜ್ಯಭಾರ ಶುರುಮಾಡಿದವು. ಕೈಯಲ್ಲಿ ಕಾಸು ಆಡಿತು, ಸುಳ್ಳಲ್ಲ. ಆದರೆ ಅಕ್ಕಡಿ ಸಾಲು ಕಿರಿದಾಗುತ್ತ ಬಂತು, ಅದರ ಜೊತೆಗೆ ತಟ್ಟೆಯಲ್ಲಿದ್ದ ಎಣ್ಣೆಬೀಜವೂ ಕಮ್ಮಿಯಾಯಿತು. ಬೀಜ ಹೋದ ಜಾಗಕ್ಕೆ ಪ್ಯಾಕೆಟ್ ಎಣ್ಣೆ ಬಂತು.

ಸೂರ್ಯಕಾಂತಿ ಈ ಹುಚ್ಚೆಳ್ಳಿಗೆ ದೂರದ ನೆಂಟ. ಎರಡೂ ಒಂದೇ ಸಸ್ಯ ಕುಟುಂಬದವು, ಸೇವಂತಿಗೆಯೂ ಅದೇ ಕುಟುಂಬ. ಹುಚ್ಚೆಳ್ಳಿನ ಮೂಲ ಇಥಿಯೋಪಿಯಾ ಕಡೆ, ಸೂರ್ಯಕಾಂತಿಯದು ಉತ್ತರ ಅಮೆರಿಕ. ಅಲ್ಲಿಂದ ಯೂರೋಪಿಗೆ ಹೋಗಿ, ರಷ್ಯಾದಲ್ಲಿ ಎಣ್ಣೆಯ ಬೆಳೆಯಾಗಿ ಬಲಿತು, 1969ರ ಸುಮಾರಿಗೆ ರಷ್ಯಾದ ತಳಿಗಳ ರೂಪದಲ್ಲಿ ನಮ್ಮ ದೇಶದ ಹೊಲಗಳಿಗೆ ಬಂತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿ.ಎಸ್.ಎಚ್.-1 ಅನ್ನುವ ತಳಿ ಹೊರತಂದಿತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು. ಇವತ್ತು ಮುಂಗಾರಿನಲ್ಲಿ ಗುಂಡ್ಲುಪೇಟೆ ಕಡೆ ಹೋದರೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ ಹೊಲ; ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವವರೇ ಎಲ್ಲ. ಹೂವಿನ ಜೊತೆ ನಿಂತದ್ದಾಯಿತು, ಬೀಜದ ರುಚಿಯನ್ನೂ ಒಮ್ಮೆ ನೋಡಿ.

"ಇದು ನಮ್ಮ ಪದಾರ್ಥ ಅಲ್ಲ" ಅಂತ ಹಿಂದೆಗೆಯುವವರಿಗೆ ಒಂದು ಮಾತು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕುಳಿತು ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೊರಗಿನ ಕಾಳನ್ನು ಒಳಗೆ ಕರೆದು ನಮ್ಮದನ್ನು ಗಟ್ಟಿ ಮಾಡಿಕೊಂಡ ಮಣ್ಣಿದು. ಆ ಮುದ್ದೆಯನ್ನು ಉಂಡು ಬೆಳೆದ ನಾವು ಒಂದು ಬೀಜಕ್ಕೆ ಜಾತಿ ಕೇಳಬಾರದು.

ಇನ್ನು ಮುದ್ದೆಗೂ ಬೀಜಕ್ಕೂ ಇರುವ ಸಂಬಂಧ. ಪ್ರೋಟೀನು ಅಂದರೆ ಒಂದೇ ವಸ್ತುವಲ್ಲ, ಹಲವು ಅಮೈನೋ ಆಮ್ಲಗಳು ಸೇರಿ ಆದದ್ದು. ರಾಗಿಯಲ್ಲಿ ಲೈಸಿನ್ ಅನ್ನುವುದು ಕಡಿಮೆ, ಸೂರ್ಯಕಾಂತಿಯಲ್ಲೂ ಕಡಿಮೆ. ಆದ್ದರಿಂದ ಮುದ್ದೆಗೆ ಬರೀ ಬೀಜದ ಪುಡಿ ನಂಜಿಕೊಂಡು ಎದ್ದರೆ ಆ ಕೊರತೆ ತುಂಬುವುದಿಲ್ಲ. ಹುರುಳಿ, ಅವರೆ, ತೊಗರಿ, ಅಲಸಂದೆಯಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೋನಿನ್ ಅನ್ನುವುದು ಕಮ್ಮಿ. ಆ ಮೆಥಿಯೋನಿನ್ ಸೂರ್ಯಕಾಂತಿ, ಎಳ್ಳಿನಂಥ ಬೀಜಗಳಲ್ಲಿದೆ. ಅಂದರೆ ಮುದ್ದೆ, ಕಾಳು-ಸೊಪ್ಪಿನ ಬಸ್ಸಾರು, ಪಕ್ಕದಲ್ಲಿ ಒಂದು ಚಮಚ ಬೀಜದ ಚಟ್ನಿಪುಡಿ: ಮೂರೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಕ್ಕಡಿ ಸಾಲು ಹಾಕಿದ ನಮ್ಮ ಹಿರೀಕರಿಗೆ ಅಮೈನೋ ಆಮ್ಲದ ಹೆಸರು ಗೊತ್ತಿರಲಿಲ್ಲ. ಊಟದ ಲೆಕ್ಕ ಮಾತ್ರ ತಪ್ಪಿರಲಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಹಸುಗೂಸಿಗೆ ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ. ಆಮೇಲೆ ರಾಗಿ ಸರಿ ಶುರುಮಾಡುತ್ತೀರಲ್ಲ; ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿ. ಮಗುವಿಗೆ ಅದು ಒಗ್ಗಿದಮೇಲೆ, ಹದವಾಗಿ ಹುರಿದು ನುಣ್ಣಗೆ ಪುಡಿಮಾಡಿದ ಸೂರ್ಯಕಾಂತಿ ಬೀಜ ಕಾಲು ಚಮಚ ಬೆರೆಸಿ ಬೇಯಿಸಿ. ಮೊದಲ ದಿನ ಒಂದು ಚಿಟಿಕೆ ಸಾಕು. ಅವತ್ತು ಬೇರೆ ಹೊಸ ಪದಾರ್ಥ ಯಾವುದನ್ನೂ ಕೊಡಬೇಡಿ. ಮೈಮೇಲೆ ದದ್ದು, ವಾಂತಿ, ತುಟಿ ಬಾವು ಏನಾದರೂ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಸಿರಿಗೆ ತೊಂದರೆಯಾದರೆ ಒಂದು ಗಳಿಗೆಯೂ ಕಾಯಬೇಡಿ. ಏನೂ ಆಗದಿದ್ದರೆ ನಿಧಾನವಾಗಿ ಹೆಚ್ಚಿಸಿ. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಒಂದು ಟೀ ಚಮಚ ಪುಡಿ ಸಾಕು. ಎರಡು ವರ್ಷದ ತನಕ ಸರಿಗೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ. ಬೆಲ್ಲದ ಸೀಮೆಯವನೇ ಆಗಿ ಇದನ್ನು ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.

ಇನ್ನೊಂದು ಮಾತನ್ನು ಗಂಟು ಹಾಕಿಕೊಳ್ಳಿ: ಐದು ವರ್ಷ ತುಂಬುವ ತನಕ ಮಗುವಿನ ಕೈಗೆ ಇಡೀ ಬೀಜ ಕೊಡಬಾರದು. ಸೂರ್ಯಕಾಂತಿ ಮಾತ್ರವಲ್ಲ, ಕಡಲೆಕಾಯಿ ಬೀಜವೂ ಅಷ್ಟೇ, ಹುರಿಗಡಲೆಯೂ ಅಷ್ಟೇ. ಆ ವಯಸ್ಸಿನ ಮಕ್ಕಳಿಗೆ ಚೆನ್ನಾಗಿ ಅಗಿಯಲು ಬರುವುದಿಲ್ಲ, ಬಾಯಲ್ಲಿಟ್ಟುಕೊಂಡೇ ಓಡುತ್ತವೆ, ನಗುತ್ತವೆ. ಬೀಜ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಪುಡಿ ಮಾಡಿ ಕೊಡುವುದಕ್ಕೆ ಐದು ನಿಮಿಷ ಹಿಡಿಯುತ್ತದೆ, ಸೋಮಾರಿತನ ಮಾಡಬೇಡಿ. ಅಜ್ಜ-ಅಜ್ಜಿಯರೇ, ನಿಮಗೂ ಸೇರಿಸಿ ಹೇಳುತ್ತಿದ್ದೇನೆ; ಮೊಮ್ಮಗ ಕೈಚಾಚಿದ ಅಂತ ನಿಮ್ಮ ಬಾಯಾಡುವ ಬೀಜವನ್ನು ಅವನ ಕೈಗೆ ಹಾಕಬೇಡಿ.

ಸ್ಕೂಲಿಗೆ ಹೋಗುವ ಮಕ್ಕಳಿಗೆ ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಂ, ಸಾಕು. ಸರ್ಕಾರಿ ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ, ಬಿಸಿಯೂಟ ಇದೆ, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ನಾನು ಚಿಂತಿಸುವುದು ಸಂಜೆಯ ಹೊತ್ತಿನ ಬಗ್ಗೆ. ಮನೆಗೆ ಬರುವಾಗ ದಾರಿಯಲ್ಲಿ ಐದು ರೂಪಾಯಿಯ ಕುರುಕಲು ಪ್ಯಾಕೆಟ್, ಮನೆಗೆ ಬಂದಮೇಲೆ ಬಿಸ್ಕತ್ತು. ಅದರಲ್ಲಿ ಉಪ್ಪು, ಮೈದಾ, ಕರಿದ ಎಣ್ಣೆ ಬಿಟ್ಟರೆ ಮಗುವಿನ ಮೈಗೆ ಹತ್ತುವಂಥದ್ದು ಏನಿದೆ? ಆ ಹೊತ್ತಿಗೆ ರಾಗಿ ಹುರಿಹಿಟ್ಟಿಗೆ ಬೀಜದ ಪುಡಿ, ಸ್ವಲ್ಪ ಬೆಲ್ಲ, ಹಾಲು ಹಾಕಿ ಕಲಸಿ ಒಂದು ಉಂಡೆ ಕೊಡಿ. ಆಡಿ ಬಂದ ಮಗುವಿಗೆ ಹೊಟ್ಟೆ ತುಂಬಬೇಕು, ರಾತ್ರಿ ಊಟಕ್ಕೂ ಹಸಿವು ಉಳಿಯಬೇಕು.

ಹೆಣ್ಣುಮಕ್ಕಳ ಮಾತು ಪ್ರತ್ಯೇಕವಾಗಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಈ ಅಂಕಿ ನೋಡಿ, ಸೂರ್ಯಕಾಂತಿ ಬೀಜ ತಿಂದರೆ ರಕ್ತ ಬರುತ್ತದೆ ಅಂತ ಯಾರಾದರೂ ಮೊಬೈಲಿನಲ್ಲಿ ಹೇಳಿದರೆ ನಂಬಬೇಡಿ. ಒಂದು ಹಿಡಿಯಲ್ಲಿ ಸಿಗುವ ಕಬ್ಬಿಣ ಒಂದೂವರೆ ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29. ಅದರಲ್ಲೂ ಸಸ್ಯದ ಕಬ್ಬಿಣ ದೇಹಕ್ಕೆ ಪೂರ್ತಿ ಒಗ್ಗುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣಿನಂಥವು ಜೊತೆಗಿದ್ದರೆ ಹೆಚ್ಚು ಹೀರುತ್ತದೆ, ಊಟದ ಬೆನ್ನಲ್ಲೇ ಕಾಫಿ-ಟೀ ಕುಡಿದರೆ ಅದೂ ತಪ್ಪುತ್ತದೆ. ಬೀಜದ ಪುಡಿಗೆ ನಿಂಬೆರಸ ಹಿಂಡಿ, ಟೀಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಬಸುರಿ-ಬಾಣಂತಿಯರು ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣ-ಫೋಲಿಕ್ ಮಾತ್ರೆಯನ್ನು ತಪ್ಪದೆ ನುಂಗಬೇಕು. ಬೀಜ ಅದರ ಜೊತೆಗೇ ಹೊರತು ಅದರ ಬದಲಿಗಲ್ಲ.

ಗಂಡಸರೇ, ನಿಮ್ಮನ್ನು ಬಿಡಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಶುಗರ್ರು, ಬಿ.ಪಿ. ಅಂತ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಚೀಟಿ ಹಿಡಿದು ನಿಲ್ಲುವವರು ಎಷ್ಟು ಜನ! ಸೂರ್ಯಕಾಂತಿಯಲ್ಲಿರುವ ಕೊಬ್ಬಿನಲ್ಲಿ ಹೆಚ್ಚಿನದು ಅಪರ್ಯಾಪ್ತ ಕೊಬ್ಬು. ಬೆಣ್ಣೆ, ಡಾಲ್ಡಾದ ಜಾಗಕ್ಕೆ ಇಂಥ ಕೊಬ್ಬು ಬಂದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ಸಹಾಯ. ಸಕ್ಕರೆ ಅಂಶ ಕಡಿಮೆ, ನಾರು ಇದೆ, ಹಾಗಾಗಿ ಶುಗರ್ ಇದ್ದವರಿಗೂ ಸಂಜೆ ಬಾಯಾಡಿಸಲು ಬೋಂಡಕ್ಕಿಂತ ಇದೇ ವಾಸಿ. ಮದ್ದೂರು ಸ್ಟೇಷನ್ನಿನಲ್ಲಿ ವಡೆಯ ವಾಸನೆ ಬಂದಾಗ ಮೂಗು ಮುಚ್ಚಿಕೊಳ್ಳಿ ಅನ್ನುವಷ್ಟು ಕಟುಕ ನಾನಲ್ಲ. ಅಪರೂಪಕ್ಕೆ ತಿನ್ನಿ, ದಿನಾ ಬೇಡ. ಆದರೆ ಬೀಜ ಒಳ್ಳೆಯದು ಅಂತ ಟಿ.ವಿ. ಮುಂದೆ ಕೂತು ಪ್ಯಾಕೆಟ್ ಖಾಲಿ ಮಾಡಿದಿರೋ, 100 ಗ್ರಾಂಗೆ 580 ಕ್ಯಾಲೊರಿ ಅಂತ ಆಗಲೇ ಹೇಳಿದ್ದೇನೆ, ಹೊಟ್ಟೆಯೇ ಮುಂದೆ ಬರುತ್ತದೆ. ಉಪ್ಪು ಹಾಕಿದ ಪ್ಯಾಕೆಟ್ ಬಿ.ಪಿ.ಯವರಿಗೆ ಬೇಡವೇ ಬೇಡ. ಮೂತ್ರಪಿಂಡದ ತೊಂದರೆ ಇರುವವರು ತಿನ್ನುವ ಮುಂಚೆ ಡಾಕ್ಟರನ್ನು ಕೇಳಿ, ಇದರಲ್ಲಿ ರಂಜಕ, ಪೊಟ್ಯಾಷಿಯಂ ಎರಡೂ ಹೆಚ್ಚು. ಇನ್ನೊಂದು ಅಂಶ: ಇದರಲ್ಲಿ ಒಮೆಗಾ-6 ತುಂಬಾ ಇದೆ, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಅಗಸೆ ಬೀಜದ ಪುಡಿ ಒಂದು ಚಮಚ ಬೆರೆಸಿಕೊಳ್ಳಿ. ಮೀನು ತಿನ್ನುವವರಿಗೆ ಕೆರೆ ಮೀನೂ ಆಯಿತು.

ಹಲ್ಲು ಸಡಿಲವಾದ ನನ್ನ ವಾರಿಗೆಯವರು ಇಡೀ ಬೀಜದ ಜೊತೆ ಗುದ್ದಾಡಬೇಡಿ. ಪುಡಿಮಾಡಿ ಅಂಬಲಿಗೆ, ಮಜ್ಜಿಗೆಗೆ ಹಾಕಿಕೊಳ್ಳಿ. ಹಸಿವು ಸತ್ತು ಊಟ ಕಮ್ಮಿಯಾದ ವಯಸ್ಸಿನಲ್ಲಿ ಎರಡು ಚಮಚ ಪುಡಿಯಿಂದಲೂ ಮೈಗೆ ಒಂದಿಷ್ಟು ಸತ್ವ ಸೇರುತ್ತದೆ.

ಕೊಳ್ಳುವಾಗ ಜಾಗ್ರತೆ. ಅಂಗಡಿಯಲ್ಲಿ ಸಿಗುವ, ಸಿಪ್ಪೆ ತೆಗೆದ, ಬೂದು ಬಣ್ಣದ ಚೂಪು ತುದಿಯ ಬೀಜ ತಿನ್ನುವುದಕ್ಕೆ. ಬಿತ್ತನೆಗೆ ಅಂತ ರೈತ ಸಂಪರ್ಕ ಕೇಂದ್ರದಿಂದಲೋ ಗೊಬ್ಬರದ ಅಂಗಡಿಯಿಂದಲೋ ತಂದ ಪೊಟ್ಟಣದ ಬೀಜವನ್ನು ಯಾರೂ ಬಾಯಿಗೆ ಹಾಕಬಾರದು, ತೊಳೆದರೂ ಹಾಕಬಾರದು. ಅದಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಗುರುತಿಗೆ ಬಣ್ಣವನ್ನೂ ಹಾಕಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು ಅಟ್ಟದ ಮೇಲೆ ಎತ್ತಿಡುವ ಅಭ್ಯಾಸ ನಮ್ಮಲ್ಲಿದೆ. ಮಕ್ಕಳ ಕೈಗೆ, ಕೋಳಿಯ ಬಾಯಿಗೆ ಎಟುಕದಂತೆ ಇಡಿ. ಪಕ್ಷಿಗಳಿಗೆ ಮಾರುವ ಸಿಪ್ಪೆ ಸಮೇತದ ಬೀಜವೂ ಮನುಷ್ಯರಿಗಲ್ಲ, ಅದನ್ನು ನಮ್ಮ ಊಟದ ಮಟ್ಟಕ್ಕೆ ಶುದ್ಧಮಾಡಿರುವುದಿಲ್ಲ.

ಕೊಬ್ಬು ಹೆಚ್ಚಿರುವ ಬೀಜ ಬೇಗ ಕೆಡುತ್ತದೆ. ಅಂಗಡಿಯಲ್ಲಿ ಒಂದು ಕಾಳು ಬಾಯಿಗೆ ಹಾಕಿ ನೋಡಿ. ಕಹಿಯಾಗಿ ಹಳೆ ಎಣ್ಣೆಯ ಕಮಟು ಬಂದರೆ ಬಿಟ್ಟುಬನ್ನಿ. ಮುಗ್ಗಲು ವಾಸನೆ ಬಂದದ್ದು, ಬೂಸ್ಟು ಕಟ್ಟಿದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬೂಸ್ಟಿನ ವಿಷ ಹುರಿದರೆ ಹೋಗುವಂಥದ್ದಲ್ಲ. ಒಮ್ಮೆಗೆ ಕಾಲು ಕೆ.ಜಿ.ಗಿಂತ ಹೆಚ್ಚು ತರಬೇಡಿ. ಗಾಳಿಯಾಡದ ಡಬ್ಬದಲ್ಲಿ ಹಾಕಿ, ಫ್ರಿಜ್ ಇದ್ದರೆ ಅದರಲ್ಲಿಡಿ. ಪುಡಿ ಮಾಡಿದ್ದನ್ನು ಹತ್ತು-ಹದಿನೈದು ದಿನದೊಳಗೆ ಮುಗಿಸಿ.

ಮಾಡುವ ಬಗೆ ಹೊಸದೇನಲ್ಲ, ಹುಚ್ಚೆಳ್ಳಿನ ಚಟ್ನಿಪುಡಿ ಮಾಡುವ ಕೈಗೆ ಇದೂ ಬರುತ್ತದೆ. ಒಂದು ಬಟ್ಟಲು ಬೀಜವನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಿರಿ. ಬಣ್ಣ ಕಪ್ಪಾಗಬಾರದು, ಕಪ್ಪಾದರೆ ಕಹಿ. ಆರು ಒಣಮೆಣಸಿನಕಾಯಿ, ಒಂದು ಹಿಡಿ ಕರಿಬೇವನ್ನು ಬೇರೆಯಾಗಿ ಹುರಿಯಿರಿ. ಎಲ್ಲ ಆರಿದಮೇಲೆ ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚೂರು ಒಣ ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿಮಾಡಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತಡೆತಡೆದು ತಿರುಗಿಸಿ. ಬಸಿದ ಸೊಪ್ಪಿನ ಪಲ್ಯಕ್ಕೆ ಕಾಯಿತುರಿಯ ಜೊತೆ ಅರ್ಧಕ್ಕರ್ಧ ಈ ಬೀಜದ ಪುಡಿ ಹಾಕಿ ನೋಡಿ. ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸುವಾಗ ಇದನ್ನೂ ಒಂದು ಬಟ್ಟಲು ಬೆರೆಸಿದರೆ ಹಬ್ಬಕ್ಕೇನೂ ಮೈಲಿಗೆಯಾಗುವುದಿಲ್ಲ. ಉಂಡೆಗೆ ಬೆಲ್ಲ ತರುವಾಗ ಆಲೆಮನೆಯ ಕಪ್ಪು ಬೆಲ್ಲ ತನ್ನಿ, ಹಳದಿ ಹೊಳಪಿಗೆ ಮರುಳಾಗಬೇಡಿ. ಆದರೆ ಕಪ್ಪಿರಲಿ ಹಳದಿಯಿರಲಿ, ಬೆಲ್ಲವೂ ಸಕ್ಕರೆಯೇ, ಲೆಕ್ಕದಲ್ಲಿರಲಿ.

ಕೊನೆಗೆ ಎಣ್ಣೆಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಅಂತಿದೆ. ಆ 35 ಗ್ರಾಂನಲ್ಲಿ ಕಡಲೆಬೀಜ, ಎಳ್ಳು, ಸೂರ್ಯಕಾಂತಿ ಎಲ್ಲವೂ ಬಂತು. 27 ಗ್ರಾಂ ಎಣ್ಣೆ ಅಂದರೆ ನಾಲ್ಕು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ನಿಮ್ಮ ಮನೆಯಲ್ಲಿ ಹೋದ ತಿಂಗಳು ಎಷ್ಟು ಪ್ಯಾಕೆಟ್ ಒಡೆದಿರಿ, ಎಣಿಸಿ ನೋಡಿ. ಐದು ಆಗಿದ್ದರೆ ಈ ತಿಂಗಳು ನಾಲ್ಕು ತನ್ನಿ, ಉಳಿದ ದುಡ್ಡಿಗೆ ಕಾಲು ಕೆ.ಜಿ. ಬೀಜ ತನ್ನಿ. ಎಣ್ಣೆ ಇಳಿಸದೆ ಬೀಜವನ್ನು ಮಾತ್ರ ಏರಿಸಿದರೆ ಕೊಬ್ಬಿನ ಮೇಲೆ ಕೊಬ್ಬು ಹೇರಿದಂತಾಗುತ್ತದೆ, ನಾನು ಹೇಳಿದ್ದು ಅದಲ್ಲ. ಒಂದು ಇಳಿಯಬೇಕು, ಆಗಲೇ ಇನ್ನೊಂದು ಏರಬೇಕು. ಅಷ್ಟು ಮಾಡಿ ಸಾಕು.